ಅಕ್ಕ ಹೇಳಿದ್ದೇ ಬಣ್ಣ

ನನ್ನ ಭಾವನಿಗೆ ಕೆಂಪೂ ಹಸಿರೂ ಒಂದೇ. ದೃಷ್ಟಿ ಮಂದವೇನಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವರ ಕೆಲಸ, ಗಾಜಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದಿದ್ದರೂ ಅವರ ಕಣ್ಣಿನಿಂದ ತಪ್ಪಿಸಿಕೊಳ್ಳಲಾಗದು. ಆದರೆ ಹುಟ್ಟಿದಾಗಿನಿಂದಲೂ ಹಸಿರು, ಕೆಂಪು, ಕಂದು ಮೂರೂ ಅವರಿಗೆ ಒಂದೇ ತರದ ಮಣ್ಣುಬಣ್ಣ. ನೀಲಿ ಮಾತ್ರ ಸರಿಯಾಗಿ ಕಾಣುತ್ತದೆ. ಟೊಮೇಟೊ ಹಣ್ಣೋ ಕಾಯೋ ಎಂದು ಒತ್ತಿ ನೋಡಿಯೇ ತಿಳಿಯಬೇಕು. ಹಾಗಾಗಿ ತರಕಾರಿಯವಳಿಂದ ವಾರಕ್ಕೊಮ್ಮೆ ಬೈಸಿಕೊಳ್ಳುವುದು ತಪ್ಪುತ್ತಿರಲಿಲ್ಲ.

"ಊರಿಗೆಲ್ಲ ಕಣ್ಣು ಮಾಡಿಕೊಡ್ತೀರಿ, ನಿಮ್ಮ ಕಣ್ಣಿಗೆ ಯಾರು ಮಾಡಿಕೊಡ್ಬೇಕು?" ಎಂದು ನಾನು ಕಿಚಾಯಿಸುತ್ತಿದ್ದೆ.

"ನಿಮ್ಮಕ್ಕ ಇದ್ದಾಳಲ್ಲ" ಎಂದು ಅವರು ತಲೆ ಎತ್ತದೆ ಹೇಳುತ್ತಿದ್ದರು.

ಅದು ಬಾಯಿಮಾತಲ್ಲ. ಮದುವೆಯಾದಂದಿನಿಂದ ಅಕ್ಕ ಅವರಿಗೆ ಬಣ್ಣ ಹೇಳುತ್ತ ಬಂದಳು. ಅಂಗಿ ಯಾವುದು, ಹಣ್ಣು ಯಾವುದು, ಬಾಗಿಲಿಗೆ ಹಚ್ಚಿದ ಪೇಂಟು ಯಾವುದು, ಎಲ್ಲ ಅವಳು ಹೇಳಿದ್ದೇ. ಇಷ್ಟೂ ವರ್ಷಗಳಲ್ಲಿ ಒಂದೇ ಒಂದು ಸಲ ಅವಳು ಬೇಕೆಂದೇ ತಪ್ಪು ಬಣ್ಣ ಹೇಳಿದಳು. ಅದು ಅವಳಿಗೂ ನನಗೂ ಮಾತ್ರ ಗೊತ್ತಿತ್ತು. ಅವಳು ಹೋದಮೇಲೆ ನನ್ನೊಬ್ಬಳಿಗೆ ಉಳಿಯಿತು. ಭಾವನಿಗೆ ಅದು ಗೊತ್ತಾದರೆ ಆ ಮನುಷ್ಯ ತನ್ನನ್ನು ತಾನು ಯಾವತ್ತೂ ಕ್ಷಮಿಸಿಕೊಳ್ಳುವುದಿಲ್ಲ ಎಂಬ ಹೆದರಿಕೆ ನನಗೆ. ಈ ಕಥೆಯೆಲ್ಲ ಆ ಹೆದರಿಕೆಯದೇ.

ಮೊದಲಿನಿಂದ ಹೇಳುತ್ತೇನೆ. ಅಕ್ಕ ದಾರದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಾರ, ಗುಂಡಿ, ಲೇಸು ಮಾರುವ ಕಿರಿದಾದ ಅಂಗಡಿ. ಎರಡು ಗೋಡೆ ತುಂಬ ರೀಲುಗಳು, ನಡುವೆ ಒಬ್ಬರು ಓಡಾಡುವಷ್ಟು ಜಾಗ. ಗಿರಾಕಿ ಒಂದು ಚಿಂದಿ ಬಟ್ಟೆ ಕೌಂಟರಿನ ಮೇಲಿಟ್ಟರೆ ಸಾಕು, ಅಕ್ಕ ಅದನ್ನು ಒಮ್ಮೆ ನೋಡಿ, ತಿರುಗಿ, ಗೋಡೆಗೆ ಕೈ ಹಾಕಿ ಅದೇ ಬಣ್ಣದ ರೀಲು ತೆಗೆಯುತ್ತಿದ್ದಳು. ಬಟ್ಟೆಯನ್ನು ಮತ್ತೆ ಹೋಲಿಸಿ ನೋಡುತ್ತಿರಲಿಲ್ಲ. ಭಾವ ಅಲ್ಲಿಗೆ ಬಂದದ್ದು ಹಸಿರು ಅಂಗಿಯ ಗುಂಡಿ ಹೊಲಿಯಲು ದಾರ ಬೇಕೆಂದು. ನಾನೇ ಆರಿಸಿಕೊಳ್ಳುತ್ತೇನೆ ಎಂದು ಜಂಬ ಮಾಡಿ ಕಂದು ದಾರ ಒಯ್ದರು. ಮಾರನೆಯ ವಾರ ಎಲ್ಲ ಗುಂಡಿಗಳನ್ನೂ ಕಂದು ದಾರದಲ್ಲಿ ಹೊಲಿದುಕೊಂಡ ಅದೇ ಅಂಗಿಯಲ್ಲಿ ಬಂದು ಇನ್ನೊಂದು ರೀಲು ಕೇಳಿದರು. ಅಕ್ಕ ನಕ್ಕಳು. ಯಾಕೆ ನಗುತ್ತೀರಿ ಎಂದು ಅವರು ಕೇಳಿದರು, ಅವಳು ಹೇಳಿದಳು. ಅಲ್ಲಿಗೆ ಮುಗಿಯಿತು, ಅಥವಾ ಶುರುವಾಯಿತು.

ನಾನು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೂರುವವಳು. ಬಂದ ಬಟ್ಟೆಯನ್ನು ಹರಡಿ, ಕಲೆ ಯಾವುದರದ್ದೆಂದು ಗುರುತಿಸಿ, ಅದಕ್ಕೆ ತಕ್ಕ ಚೀಟಿ ಅಂಟಿಸುವುದು ನನ್ನ ಕೆಲಸ. ಎಣ್ಣೆಗೆ ಒಂದು ಮದ್ದು, ಶಾಯಿಗೆ ಇನ್ನೊಂದು. "ಅಕ್ಕ ತಂಗಿ ಇಬ್ಬರದೂ ಕಲೆಯೇ. ಒಬ್ಬಳದು ಕಣ್ಣಿನದು, ಇನ್ನೊಬ್ಬಳದು ಕಾಲರಿನದು" ಎಂದು ಭಾವ ನನ್ನನ್ನು ರೇಗಿಸುತ್ತಿದ್ದರು. ಇಪ್ಪತ್ತು ವರ್ಷ ಕೇಳಿದರೂ ಅದೇ ಜೋಕು. ನಗದಿದ್ದರೆ ಮತ್ತೊಮ್ಮೆ ಹೇಳುತ್ತಿದ್ದರು, ಆದ್ದರಿಂದ ಮೊದಲನೇ ಸಲಕ್ಕೇ ನಕ್ಕುಬಿಡುತ್ತಿದ್ದೆ.

ಮಕ್ಕಳಾಗಲಿಲ್ಲ. ಆ ಸಂಕಟ ಸ್ವಲ್ಪ ಹಳತಾದ ಮೇಲೆ ಭಾವನಿಗೆ ಆಕಾಶದ ಹುಚ್ಚು ಹಿಡಿಯಿತು. ತಾರಸಿಯ ಮೇಲೆ ಟೆಲಿಸ್ಕೋಪ್ ನಿಲ್ಲಿಸಿದರು. ಅದಕ್ಕೆ ಹಾಕಲು ಕಪ್ಪುಬಿಳುಪಿನ ಕ್ಯಾಮೆರಾ, ಕ್ಯಾಮೆರಾದ ಮುಂದೆ ಮೂರು ಗಾಜಿನ ಬಿಲ್ಲೆ. ನೀಹಾರಿಕೆ ಎಂದರೆ ನಕ್ಷತ್ರಗಳ ನಡುವೆ ಹಬ್ಬಿದ ಅನಿಲದ ಮೋಡ. ಅದರಲ್ಲಿ ಗಂಧಕ ಇರುತ್ತದೆ, ಜಲಜನಕ ಇರುತ್ತದೆ, ಆಮ್ಲಜನಕ ಇರುತ್ತದೆ. ಒಂದೊಂದು ಬಿಲ್ಲೆಯೂ ಒಂದೊಂದು ಅನಿಲದ ಬೆಳಕಿನ ಒಂದೇ ಎಳೆಯನ್ನು ಒಳಗೆ ಬಿಟ್ಟು ಉಳಿದದ್ದನ್ನೆಲ್ಲ ಬಾಗಿಲಲ್ಲೇ ತಡೆಯುತ್ತದೆ. ಬೀದಿದೀಪ, ಚಂದ್ರ, ಎದುರುಮನೆಯ ಟ್ಯೂಬ್‌ಲೈಟು ಯಾವುದೂ ಒಳಗೆ ಬರುವಂತಿಲ್ಲ. ಹಾಗಾಗಿ ಪೇಟೆಯ ನಡುವಿನ ತಾರಸಿಯಿಂದಲೂ ಚಿತ್ರ ತೆಗೆಯಬಹುದು. ಸಂಜೆ ಯಂತ್ರಕ್ಕೆ ಒಪ್ಪಿಸಿ ಮಲಗಿದರೆ ಬೆಳಗಾಗುವಾಗ ಅದು ತನ್ನ ಪಾಡಿಗೆ ಕೆಲಸ ಮುಗಿಸಿರುತ್ತಿತ್ತು.

ಸಿಗುವುದು ಮೂರು ಬೂದುಬಣ್ಣದ ಚಿತ್ರ. ಅವಕ್ಕೆ ಬಣ್ಣ ಕೊಡುವುದು ಆಮೇಲಿನ ಕೆಲಸ. ಗಂಧಕದ ಚಿತ್ರವನ್ನು ಕೆಂಪಿಗೆ, ಜಲಜನಕವನ್ನು ಹಸಿರಿಗೆ, ಆಮ್ಲಜನಕವನ್ನು ನೀಲಿಗೆ ಹಾಕಿ ಕೂಡಿಸುತ್ತಾರೆ. ಆದರೆ ಆಕಾಶದಲ್ಲಿ ಜಲಜನಕದ್ದೇ ಪಾರುಪತ್ಯ. ಕೂಡಿಸಿದ ಕೂಡಲೇ ಚಿತ್ರ ಪೂರಾ ಪಾಚಿಗಟ್ಟಿದ ತೊಟ್ಟಿಯ ಹಾಗೆ ಹಸಿರಾಗಿಬಿಡುತ್ತದೆ. ಆಮೇಲೆ ಹಸಿರನ್ನು ಮೆಲ್ಲಮೆಲ್ಲಗೆ ತಗ್ಗಿಸಬೇಕು, ಆಗ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬಡಪಾಯಿ ಆಮ್ಲಜನಕವನ್ನು ಹಿಡಿದೆತ್ತಬೇಕು, ಅತಿಯಾಗಿ ಎತ್ತಿದರೆ ಮರಳು ಎರಚಿದಂತೆ ಕಾಣುತ್ತದೆ. ಇದೆಲ್ಲ ಮಾಡುವಷ್ಟರಲ್ಲಿ ನಕ್ಷತ್ರಗಳಿಗೆ ಗುಲಾಬಿ ಅಂಚು ಬಂದುಬಿಟ್ಟಿರುತ್ತದೆ, ಅದನ್ನು ಒರೆಸಬೇಕು. ಕೆಂಪು ಹಸಿರು ತಿಳಿಯದವರು ಮಾಡುವ ಕೆಲಸವೇ ಅಲ್ಲ ಇದು. ಭಾವ ಹುಡುಕಿ ಹುಡುಕಿ ಇದನ್ನೇ ಹಿಡಿದರು.

ಹಾಗಾಗಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗಂಡಹೆಂಡತಿ ಇಬ್ಬರೂ ಒಳಕೋಣೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಕಿಟಕಿಗೆ ದಪ್ಪ ಪರದೆ. ಮೌಸ್ ಭಾವನ ಕೈಯಲ್ಲಿ, ಮಾತು ಅಕ್ಕನ ಬಾಯಲ್ಲಿ. ಅವಳಿಗೆ ನಕ್ಷತ್ರದ ಗಂಧಗಾಳಿ ಇರಲಿಲ್ಲ, ಬೇಕೂ ಇರಲಿಲ್ಲ. "ನಂಗೆ ಮೋಡ ಗೀಡ ಗೊತ್ತಿಲ್ಲ, ದಾರ ಗೊತ್ತು" ಎನ್ನುತ್ತಿದ್ದಳು. ಅಂಗಡಿಯಿಂದ ರೀಲುಗಳ ತುಂಡುದಾರ ತಂದು ಮೇಜಿನ ಅಂಚಿಗೆ ಸುತ್ತಿಟ್ಟುಕೊಂಡಿದ್ದಳು. ಹಳೇ ಹಿತ್ತಾಳೆ, ಜೇನು, ನವಿಲುಗತ್ತು, ಇಟ್ಟಿಗೆ.

"ಈಗ ಹೇಗಿದೆ?"

"ಇನ್ನೂ ಪಾಚಿ. ಇಳಿಸಿ."

"ಈಗ?"

"ಹಿತ್ತಾಳೆಗೆ ಬಂತು. ಇನ್ನೊಂಚೂರು ಹೋಗಿ. ನಿಧಾನ ರೀ, ಗಾಡಿ ಓಡಿಸ್ತಿದ್ದೀರಾ? ಸಾಕು."

ಅವಳು 'ಸಾಕು' ಎಂದರೆ ಭಾವನ ಕೈ ಅಲ್ಲೇ ನಿಲ್ಲುತ್ತಿತ್ತು. ಇನ್ನೊಮ್ಮೆ ನೋಡು ಎಂದಾಗಲಿ, ನಿಜವಾಗಿಯೂ ಸಾಕಾ ಎಂದಾಗಲಿ ಕೇಳಿದ್ದನ್ನು ನಾನು ಕಾಣೆ. ನಾನೂ ಒಮ್ಮೊಮ್ಮೆ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಕಾಲೆಳೆಯುತ್ತಿದ್ದೆ.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ. ನೀವಿಬ್ಬರು ಬೂದಿಯಾಗಿರೋದನ್ನ ಚಿನ್ನ ಮಾಡ್ತಿದ್ದೀರಿ. ಇದೇನು ನಿಜವಾದ ಬಣ್ಣಾನಾ?"

ಭಾವ ಈ ಪ್ರಶ್ನೆಗೆ ಸಿಟ್ಟಾಗುತ್ತಿರಲಿಲ್ಲ. "ಗಂಧಕ, ಜಲಜನಕ ಎರಡೂ ನಿಜವಾಗಿ ಕೆಂಪೇ ಕಣಮ್ಮ. ಅವಳಿ ಮಕ್ಕಳಿದ್ದ ಹಾಗೆ. ಯಾರು ಯಾರು ಅಂತ ಗೊತ್ತಾಗ್ಲಿ ಅಂತ ಬೇರೆಬೇರೆ ಅಂಗಿ ಹಾಕಿಸ್ತೀವಿ. ಅಲ್ಲಿರೋ ಅನಿಲ ನಿಜ. ಬಣ್ಣ ನಿಮ್ಮಕ್ಕನದು" ಎಂದರು.

"ಮತ್ತೆ ಅವಳು ತಪ್ಪು ಹೇಳಿದ್ರೆ?"

"ಅವಳು ಯಾಕೆ ತಪ್ಪು ಹೇಳ್ತಾಳೆ?"

ಅಷ್ಟು ಸಹಜವಾಗಿ ಹೇಳಿದರು. ನನ್ನ ಗಂಡ ನಾನು ಇವತ್ತು ಸೋಮವಾರ ಎಂದರೂ ಕ್ಯಾಲೆಂಡರ್ ನೋಡುವವನು. ಅಕ್ಕನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು, ಅದನ್ನು ಮುಚ್ಚಿಡುವುದೇಕೆ.

ಅವರ ಚಿತ್ರಗಳಿಗೆ ಹವ್ಯಾಸಿಗಳ ಸಂಘದಲ್ಲಿ ಒಳ್ಳೆಯ ಹೆಸರಿತ್ತು. ನಿಮ್ಮ ಆ ಚಿನ್ನದ ಬಣ್ಣ ಹೇಗೆ ಬರಿಸುತ್ತೀರಿ ಎಂದು ಯಾರೋ ಕೇಳಿದಾಗ ಭಾವ, "ಮದುವೆಯಾದೆ" ಎಂದು ಉತ್ತರ ಕೊಟ್ಟರಂತೆ. ಕೇಳಿದವರು ಅದು ಯಾವುದೋ ಹೊಸ ಸಾಫ್ಟ್‌ವೇರಿನ ಹೆಸರಿರಬೇಕು ಎಂದುಕೊಂಡರಂತೆ. ಇದನ್ನು ಹೇಳಿಕೊಂಡು ಅಕ್ಕ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿದ್ದಳು. ನಗುತ್ತಾ ನಗುತ್ತಾ ಕೆಮ್ಮಿದಳು. ಆಗ ನಾವು ಯಾರೂ ಆ ಕೆಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೆಮ್ಮು ಹೋಗಲಿಲ್ಲ. ದಾರದ ಅಂಗಡಿಯ ಧೂಳು ಎಂದಳು, ಹವೆ ಬದಲಾಯಿತು ಎಂದಳು. ಅವಳ ಮನೆಯ ಹಾಸಿಗೆಬಟ್ಟೆ, ದಿಂಬಿನ ಚೀಲ ಎಲ್ಲ ಯಾವಾಗಲೂ ನನ್ನ ಅಂಗಡಿಗೇ ಬರುತ್ತಿದ್ದವು. ಇದ್ದಕ್ಕಿದ್ದಂತೆ ನಿಂತವು. ಕೇಳಿದರೆ, "ಮನೇಲೇ ಒಗೀತೀನಿ ಬಿಡು, ನಿಂಗ್ಯಾಕೆ ತೊಂದ್ರೆ" ಎಂದಳು. ಅಕ್ಕನಿಗೆ ನನ್ನ ತೊಂದರೆಯ ಚಿಂತೆ ಶುರುವಾದದ್ದು ಯಾವಾಗಿನಿಂದ ಎಂದು ನಾನು ಗೊಣಗಿಕೊಂಡೆ, ಅಷ್ಟೇ.

ಅವಳು ಆಸ್ಪತ್ರೆ ಸೇರಿದ್ದು ಅಂಗಡಿಯಲ್ಲೇ ಕುಸಿದುಬಿದ್ದ ಮೇಲೆ. ಶ್ವಾಸಕೋಶ ಪೂರ್ತಿ ಕೈಬಿಟ್ಟಿತ್ತು. ಭಾವ ಔಷಧಿ ತರಲು ಕೆಳಗೆ ಹೋಗಿದ್ದಾಗ ಡಾಕ್ಟರಮ್ಮ ಬಂದು, ಕೆಮ್ಮುವಾಗ ರಕ್ತ ಬೀಳುವುದು ಯಾವಾಗಿನಿಂದ ಎಂದು ಕೇಳಿದರು. ಇಲ್ಲ ಎನ್ನುತ್ತಾಳೆ ಎಂದುಕೊಂಡು ನಾನು ಅಕ್ಕನ ಮುಖ ನೋಡಿದೆ. "ಹೋದ ಬೇಸಿಗೆಯಿಂದ" ಎಂದಳು. ಡಾಕ್ಟರಮ್ಮ ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಆಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಮೆಲ್ಲಗೆ ಹೇಳಿ ಹೋದರು.

ನಾನು ಆ ಹಾಸಿಗೆಯ ಪಕ್ಕದಲ್ಲೇ ಅವಳನ್ನು ಬೈದೆ. ಸಾಯುವವಳನ್ನು ಬೈಯಬಾರದು ಎಂಬುದೆಲ್ಲ ನೆನಪಾಗಲಿಲ್ಲ.

"ಭಾವನಿಗೂ ಹೇಳ್ಲಿಲ್ವಾ?"

"ಒಂದ್ಸಲ ಸಿಕ್ಕಿಬಿದ್ದಿದ್ದೆ. ದಿಂಬಿನ ಚೀಲ ಅವರ ಕೈಗೆ ಸಿಕ್ತು. ಇದೇನು ಕಲೆ ಅಂದ್ರು. ಚಹಾ ಚೆಲ್ತು ಅಂದೆ."

"ನಂಬಿದ್ರಾ?"

ನನ್ನ ಪ್ರಶ್ನೆಯೇ ದಡ್ಡತನದ್ದು. ಚಹಾದ ಲೋಟ ಯಾವತ್ತೂ ಅವಳ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಅವಳು ಹೇಳಿದ ಬಣ್ಣವನ್ನು ಅವರು ಅನುಮಾನಿಸಿದ್ದೇ ಇಲ್ಲ.

"ಯಾಕೇ ಹೀಗೆ ಮಾಡ್ದೆ?"

"ಅಪ್ಪ ಆಸ್ಪತ್ರೆಯ ಗೋಡೆ ನೋಡ್ತಾ ನೋಡ್ತಾ ಹೋದ್ರಲ್ಲ. ನಂಗೆ ಅದು ಬೇಡ ಅನ್ನಿಸ್ತು. ಹೆದರಿಕೆ ಕಣೇ, ಇನ್ನೇನೂ ಅಲ್ಲ. ಇವತ್ತು ಹೇಳೋಣ ನಾಳೆ ಹೇಳೋಣ ಅಂತಿದ್ದೆ. ಭಾನುವಾರ ಬಂದ್ರೆ ಅವರು ಕುರ್ಚಿ ಹಾಕಿ ಕರೆಯೋರು, ಹೋಗಿ ಕೂರ್ತಿದ್ದೆ." ಉಸಿರು ಸಾಲದೆ ದಿಂಬಿಗೆ ಒರಗಿದಳು. "ನೀನು ಅವರಿಗೆ ಹೇಳ್ಬೇಡ. ನನ್ನ ಕಣ್ಣು ಸರಿ ಇದ್ದಿದ್ರೆ ಇವಳು ಬದುಕ್ತಿದ್ಲು ಅಂತ ಕೊರಗಿ ಕೊರಗಿ ಸಾಯ್ತಾರೆ. ತಪ್ಪು ನಂದು, ಅವರ ಕಣ್ಣಿನದ್ದಲ್ಲ."

ಹೇಳುವುದಿಲ್ಲ ಎಂದೆ. ಭಾವ ಔಷಧಿಯ ಚೀಲ ಹಿಡಿದು ಒಳಗೆ ಬಂದರು. ಅವಳ ತುಟಿ ನೀಲಿಗಟ್ಟಿತ್ತು. ಅದೊಂದು ಬಣ್ಣ ಯಾರೂ ಹೇಳದೆಯೇ ಅವರಿಗೆ ಕಂಡಿತು. ಚೀಲ ಕೆಳಗಿಟ್ಟು ಹಾಗೇ ನಿಂತುಬಿಟ್ಟರು. ಅದೇ ವಾರ ಅಕ್ಕ ಹೋದಳು.

ಆಮೇಲೆ ಬಂದವರೆಲ್ಲ ತಲೆಗೊಂದು ಮಾತು ಆಡಿದರು. ಒಬ್ಬ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಮನೆಯಲ್ಲೇ ಇದ್ದ ಗಂಡನಿಗೆ ಏನೂ ಗೊತ್ತಾಗಲಿಲ್ಲವೇ ಎಂದು ಕೇಳಿದಳು. ಗೊತ್ತಾಗುವ ಕಾಯಿಲೆಯಲ್ಲ ಎಂದು ನಾನು ಕಡ್ಡಿ ಮುರಿದಂತೆ ಹೇಳಿ ಪಾತ್ರೆ ತೊಳೆಯತೊಡಗಿದೆ. ಅಕ್ಕನ ಮಾತು ನನಗೆ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಗಿತ್ತು. ಎಷ್ಟೋ ಸಲ ಅವಳ ಮೇಲೆ ಕೆಟ್ಟ ಕೋಪ ಬರುತ್ತಿತ್ತು. ತಾನು ಸುಲಭವಾಗಿ ಹೋದಳು, ಇದನ್ನು ನನ್ನ ಕೊರಳಿಗೆ ಕಟ್ಟಿ ಹೋದಳು.

ಭಾವ ಕೆಲಸಕ್ಕೆ ಹೋಗತೊಡಗಿದರು. ಅಂಗಿ ಪ್ಯಾಂಟು ಒಂದಕ್ಕೊಂದು ಹೊಂದದೆಯೇ ಓಡಾಡುತ್ತಿದ್ದರು. ಅಂಗಡಿಯ ಯಜಮಾನ ಒಳ್ಳೆಯವನು, ಬಣ್ಣದ ಗಾಜಿನ ಕೆಲಸಗಳಿಗೆಲ್ಲ ತಾನೇ ಹೆಸರು ಬರೆದ ಚೀಟಿ ಅಂಟಿಸಿ ಕೊಡುತ್ತಿದ್ದನಂತೆ. ಭಾನುವಾರ ನಾನು ಹೋದರೆ ಒಳಕೋಣೆಯ ಬಾಗಿಲು ಮುಚ್ಚಿರುತ್ತಿತ್ತು.

ಅವಳು ಕಾಯಿಲೆಯಲ್ಲಿದ್ದಾಗ ತಾರಸಿಯಿಂದ ತೆಗೆದ ಒಂದು ನೀಹಾರಿಕೆಯ ಮೂರು ಬೂದು ಚಿತ್ರಗಳು ಹಾಗೆಯೇ ಉಳಿದಿದ್ದವು. ಭಾವ ಅದಕ್ಕೆ ತಾವೇ ಬಣ್ಣ ಕೊಡಲು ಹೊರಟರು. ಕಾಣದಿದ್ದರೇನಂತೆ, ಚಿತ್ರದ ಪ್ರತಿ ಚುಕ್ಕಿಯ ಬಣ್ಣಕ್ಕೂ ಕಂಪ್ಯೂಟರು ಒಂದು ಅಂಕಿ ತೋರಿಸುತ್ತದಲ್ಲ. ಹಳೆಯ ಚಿತ್ರಗಳಲ್ಲಿ ಅಕ್ಕ ನಿಲ್ಲಿಸಿದ ಅಂಕಿ ನೋಡಿ ಅದೇ ಅಂಕಿಗೆ ತಂದರೆ ಆಯಿತು ಎಂಬುದು ಅವರ ಲೆಕ್ಕಾಚಾರ. ಆದರೆ ಒಂದು ಮೋಡದ ಅಂಕಿ ಇನ್ನೊಂದು ಮೋಡಕ್ಕೆ ಕೂರುವುದಿಲ್ಲ. ಸಂಘದವರಿಗೆ ಕಳಿಸಿದರು. ಎಲ್ಲರೂ 'ವಿಭಿನ್ನವಾಗಿದೆ' ಎಂದು ಬರೆದರು. ಹಾಗೆಂದರೆ ಏನು ಎಂದು ಭಾವ ನನಗೆ ಫೋನು ಮಾಡಿ ಕೇಳಿದರು.

"ಚೆನ್ನಾಗಿಲ್ಲ ಅಂತ ಅರ್ಥ" ಎಂದೆ.

"ಹಾಗಾದ್ರೆ ಭಾನುವಾರ ಬಾ. ನೀನು ಹೇಳು, ನಾನು ಮಾಡ್ತೀನಿ."

"ನಂಗೆ ಅಕ್ಕನ ಕಣ್ಣಿಲ್ಲ ಭಾವ."

"ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ, ಬಾ."

ಹೋದೆ. ಅಕ್ಕನ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಅಡುಗೆಮನೆಯ ಸ್ಟೂಲು ತಂದುಕೊಂಡೆ. ಕಂಪ್ಯೂಟರಿನ ಪರದೆಯ ಮೇಲೆ ಆ ಚಿತ್ರ ಬಂತು. ಅಷ್ಟು ಹಸಿರನ್ನು ನಾನು ಕಂಡಿರಲಿಲ್ಲ. ಆಕಾಶಕ್ಕೆ ಪಾಚಿ ಹಿಡಿದಿತ್ತು, ನಕ್ಷತ್ರಗಳೆಲ್ಲ ಗುಲಾಬಿ ಗುಲಾಬಿ. ಇದನ್ನು ಅವರು ವಾರಗಟ್ಟಲೆ ಕೂತು, ಅಂಕಿ ಹೊಂದಿಸಿ ಹೊಂದಿಸಿ, ಅವಳದೇ ಬಣ್ಣ ಬಂತು ಎಂದುಕೊಂಡು ಊರಿಗೆಲ್ಲ ತೋರಿಸಿದ್ದರು. ನನಗೆ ಅಳು ಬಂತು. ಅವರಿಗೆ ಕಾಣದಂತೆ ಒರೆಸಿಕೊಂಡು ಕೆಲಸ ಶುರುಮಾಡಿದೆ.

ದಾರದ ಹೆಸರುಗಳು ನನ್ನ ಬಾಯಿಗೆ ಬರಲಿಲ್ಲ. ನನಗೆ ಬರುವ ಬಣ್ಣಗಳೇ ಬೇರೆ.

"ಈಗ ಹೇಗಿದೆ?"

"ಹುಲ್ಲಿನ ಮೇಲೆ ಬಿದ್ದ ಬಿಳಿ ಪ್ಯಾಂಟಿನ ಮೊಣಕಾಲಿನ ಥರ."

ಭಾವ ತಿರುಗಿ ನನ್ನನ್ನು ನೋಡಿದರು. ಅಕ್ಕ ಹೋದಮೇಲೆ ಮೊದಲ ಸಲ ಅವರ ಮುಖದಲ್ಲಿ ನಗು ಕಂಡದ್ದು ಆಗ. ಮತ್ತೆ ಹಸಿರನ್ನು ಇಳಿಸಿದರು.

"ಈಗ?"

"ಕಾಲರಿನ ಬೆವರು. ಒಂದು ವಾರದ್ದು."

"ಹಳದಿ ಬಂತಾ?"

"ಕೊಳಕು ಹಳದಿ. ಇನ್ನೂ ಹೋಗಿ. ತುಕ್ಕು ಹಿಡೀತಿದೆ. ಹಾ, ತುಕ್ಕು ಚೆನ್ನಾಗಿದೆ. ನಡುವಿನ ನೀಲಿ ಸ್ವಲ್ಪ ಎತ್ತಿ. ಶಾಯಿ ಚೆಲ್ಲಿ ಎರಡು ಸಲ ಒಗೆದ ಜೇಬಿನಷ್ಟು. ಇನ್ನೊಂಚೂರು. ಸಾಕು."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಭಾವನ ಕೈ ನಿಂತಿತು. ಪರದೆಯ ಮೇಲೆ ಮೋಡ ಅಷ್ಟಿಷ್ಟು ಹೊನ್ನಾಗಿ, ಒಡಲೊಳಗೆ ನೀಲಿಯಾಗಿ ನಿಂತಿತ್ತು. ಅಕ್ಕನ ಚಿತ್ರದಷ್ಟು ಚೆಂದವಿರಲಿಲ್ಲ, ಆದರೆ ನೋಡುವಂತಿತ್ತು. ಹಾಗೆಂದು ಅವರಿಗೆ ಹೇಳಿದೆ. ಅವರು ತಲೆಯಾಡಿಸಿ, ಎದ್ದು, ಮಲಗುವ ಕೋಣೆಗೆ ಹೋದರು.

ತಿರುಗಿ ಬಂದಾಗ ಕೈಯಲ್ಲಿ ಮಡಿಸಿದ ದಿಂಬಿನ ಚೀಲವಿತ್ತು. ಕಿಟಕಿಯ ದಪ್ಪ ಪರದೆಯನ್ನು ಪೂರಾ ಸರಿಸಿದರು. ಹೊರಗಿನ ಬೆಳಕು ಮೇಜಿನ ಮೇಲೆ ಬಿತ್ತು. ಚೀಲವನ್ನು ಬಿಡಿಸಿ ನನ್ನ ಮುಂದೆ ಹರಡಿದರು.

"ಕಲೆ ಗುರುತಿಸೋದು ನಿನ್ನ ಕೆಲಸ ತಾನೆ. ಇದು ಯಾವುದರ ಕಲೆ ಹೇಳು."

ನೋಡಿದ ಕೂಡಲೇ ಗೊತ್ತಾಯಿತು. ಚಹಾದ ಕಲೆ ಒಣಗುವಾಗ ಅಂಚಿಗೆ ಓಡುತ್ತದೆ, ಸುತ್ತ ಗೆರೆ ಕಟ್ಟಿ ನಡುವೆ ತಿಳಿಯಾಗುತ್ತದೆ. ಇದು ನಡುವೆಯೇ ಗಟ್ಟಿಯಾಗಿ ಕೂತಿತ್ತು. ಮೇಲಾಗಿ ಬಿಸಿನೀರಿಗೆ ಹಾಕಿದ ಬಟ್ಟೆ ಅದು. ಚಹಾ ಎಂದು ನಂಬಿದವರು ಬಿಸಿನೀರಿಗೇ ಹಾಕುತ್ತಾರೆ. ರಕ್ತಕ್ಕೆ ಬಿಸಿನೀರು ತಾಗಿದರೆ ಅದು ನೂಲಿನೊಳಗೆ ಬೆಂದು ಹಿಡಿದುಕೊಳ್ಳುತ್ತದೆ, ಆಮೇಲೆ ಯಾವ ಮದ್ದಿಗೂ ಜಗ್ಗುವುದಿಲ್ಲ. ಪಾಪ, ಹೆಂಡತಿಗೆ ತೊಂದರೆ ಕೊಡಬಾರದೆಂದು ತಾವೇ ಚೆನ್ನಾಗಿ ತಿಕ್ಕಿ ತೊಳೆದಿದ್ದರು.

ಚಹಾ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಅಕ್ಕನಿಗೆ ಕೊಟ್ಟ ಮಾತು ಹಾಗಿರಲಿ, ಈ ಮನುಷ್ಯ ಈಗ ತಾನೆ ಒಮ್ಮೆ ನಕ್ಕಿದ್ದಾರೆ, ಅದನ್ನು ನಾನೇ ಕಿತ್ತುಕೊಳ್ಳಬೇಕೇ ಎನಿಸಿತು. ಎರಡಕ್ಷರ ಹೇಳಿದರೆ ಮುಗಿಯಿತು, ಅವರು ನಂಬುತ್ತಾರೆ, ಚೀಲ ಮಡಿಸಿಡುತ್ತಾರೆ. ತಲೆಯೆತ್ತಿ ಅವರ ಮುಖ ನೋಡಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಚಿತ್ರಕ್ಕೆ ಬಣ್ಣ ಕೊಡುವಾಗ ಅಕ್ಕನ ಕಡೆ ತಿರುಗುತ್ತಿದ್ದರಲ್ಲ, ಹಾಗೆ. ಅಕ್ಕ ಹೇಳಿದ ಸುಳ್ಳನ್ನೇ ಆ ಮುಖಕ್ಕೆ ಎರಡನೇ ಸಲ ಹೇಳಲು ನನ್ನಿಂದ ಆಗಲಿಲ್ಲ.

"ರಕ್ತ, ಭಾವ."

ಅವರು ಕುರ್ಚಿಯಲ್ಲಿ ಕೂತರು.

"ಗೊತ್ತು" ಎಂದರು ಆಮೇಲೆ.

ಮೌಸ್ ಹಿಡಿದು ಇನ್ನೊಂದು ಚಿತ್ರ ತೆರೆದರು. ಬೂದುಬಣ್ಣದ ಎರಡು ಚಿತ್ರ ಅಕ್ಕಪಕ್ಕ. ಪ್ರತಿಯೊಂದರಲ್ಲೂ ಎರಡು ಬಟ್ಟೆ, ಒಂದು ಈ ಚೀಲ, ಇನ್ನೊಂದು ಅದರ ಜೋಡಿ. ಜೋಡಿಯ ಮೇಲೆ ಅವರೇ ಚಹಾ ಸುರಿದು, ಒಣಗಿಸಿ, ಬಿಸಿನೀರಿನಲ್ಲಿ ತೊಳೆದಿದ್ದರಂತೆ. ಕ್ಯಾಮೆರಾವನ್ನು ಟೆಲಿಸ್ಕೋಪಿನಿಂದ ಬಿಚ್ಚಿ, ಅಂಗಡಿಯ ಒಂದು ಗಾಜು ಜೋಡಿಸಿ, ಹಗಲ ಬೆಳಕಿನಲ್ಲಿ ಎರಡನ್ನೂ ಒಟ್ಟಿಗೆ ತೆಗೆದಿದ್ದರು. ಕೆಂಪು ಬೆಳಕನ್ನಷ್ಟೇ ಬಿಡುವ ಜಲಜನಕದ ಬಿಲ್ಲೆಯಲ್ಲಿ ಎರಡು ಕಲೆಯೂ ಹೆಚ್ಚುಕಡಿಮೆ ಒಂದೇ ತರ, ತೆಳ್ಳಗೆ. ಹಸಿರುನೀಲಿ ಬೆಳಕನ್ನಷ್ಟೇ ಬಿಡುವ ಆಮ್ಲಜನಕದ ಬಿಲ್ಲೆಯಲ್ಲಿ ಚಹಾ ಸ್ವಲ್ಪ ಕಪ್ಪಾಗಿತ್ತು. ಅಕ್ಕನ ಚೀಲದ ಕಲೆ ಇದ್ದಿಲ ಹಾಗೆ ಕಪ್ಪಾಗಿತ್ತು. ಬಣ್ಣ ಕಾಣದವನಿಗೂ ಕಾಣುವಷ್ಟು.

"ಎರಡೂ ಚಹಾನೇ ಆಗಿದ್ರೆ ಎರಡು ಚಿತ್ರದಲ್ಲೂ ಒಂದೇ ಥರ ಬರ್ಬೇಕಿತ್ತು" ಎಂದರು. "ದೊಡ್ಡಮ್ಮ ಅಡುಗೆಮನೇಲಿ ಕೇಳಿದ್ದು ನಂಗೂ ಕೇಳಿಸ್ತು. ಅವತ್ತಿಂದ ತಲೇಲಿ ಕೊರೀತಿತ್ತು."

"ಗೊತ್ತಿದ್ದು ನನ್ನ ಯಾಕೆ ಕೇಳಿದ್ರಿ ಭಾವ?"

"ನೀನೂ ಚಹಾ ಅಂದುಬಿಟ್ರೆ ಇನ್ಮುಂದೆ ಯಾರನ್ನ ಕೇಳೋದು ಅಂತ ನೋಡ್ಬೇಕಿತ್ತು."

ಅಕ್ಕ ಆಸ್ಪತ್ರೆಯಲ್ಲಿ ಅಂದದ್ದನ್ನೆಲ್ಲ ಆಗ ಹೇಳಿಬಿಟ್ಟೆ. ಅಪ್ಪನ ಗೋಡೆ, ಅವಳ ಹೆದರಿಕೆ, ಭಾನುವಾರದ ಕುರ್ಚಿ, ತಪ್ಪು ನಿಮ್ಮ ಕಣ್ಣಿನದಲ್ಲ ಎಂದದ್ದು. ಅವರು ಒಂದು ಮಾತನ್ನೂ ತಡೆಯದೆ ಕೇಳಿದರು. ನಾನು ಮುಗಿಸಿದ ಮೇಲೂ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದರು.

"ಬಿಲ್ಲೆ ಮನೇಲೇ ಇತ್ತು ಕಣಮ್ಮ" ಎಂದರು. "ಅರ್ಧ ಗಂಟೆ ಕೆಲಸ. ಎಲ್ಲೋ ಇರೋ ಮೋಡದಲ್ಲಿ ಏನಿದೆ ಅಂತ ಕೂತು ಕೂತು ಹುಡುಕಿದೆ. ಪಕ್ಕದಲ್ಲಿ ಕೂತಿದ್ದವಳ ದಿಂಬು ನೋಡ್ಲಿಲ್ಲ. ಅವಳು ಹೇಳಿದ್ದನ್ನ ಪರೀಕ್ಷೆ ಮಾಡೋದು ಅಂತ ಒಂದಿದೆ ಅನ್ನೋದೇ ನಂಗೆ ಹೊಳೀಲಿಲ್ಲ."

ಕಣ್ಣು ಒರೆಸಿಕೊಳ್ಳಲು ಕೈಗೆ ಏನೂ ಸಿಗದೆ ಸೆರಗನ್ನೇ ಹಿಡಿದುಕೊಂಡೆ. ನಿಮ್ಮ ತಪ್ಪಲ್ಲ ಎಂಬ ಮಾತು ನನಗೇ ಟೊಳ್ಳು ಎನಿಸಿತು, ಆದರೂ ಹೇಳಿದೆ. ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಭಾವ ಚೀಲವನ್ನು ಮೇಜಿನಿಂದ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಅಡ್ಡಲಾಗಿ ಎತ್ತಿದರು. ಹತ್ತಿರ ತಂದು ನೋಡಿದರು, ದೂರ ಹಿಡಿದು ನೋಡಿದರು, ಕಣ್ಣು ಕಿರಿದು ಮಾಡಿ ನೋಡಿದರು.

"ಈಗ ರಕ್ತ ಅಂತ ಗೊತ್ತು" ಎಂದರು. "ಆದ್ರೂ ನನ್ನ ಕಣ್ಣಿಗೆ ಇದು ಚಹಾನೇ ಕಾಣುತ್ತೆ."